ಹಾಲಿನ ಲೆಕ್ಕಕ್ಕೆ ಪೈಥಾನ್

ಅಕ್ಕನ ಮಗ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಮೊದಲು ಕೈ ಹಾಕಿದ್ದು ಮನೆಯ ಹಾಲಿನ ಲೆಕ್ಕಕ್ಕೆ. ಬೆಳಿಗ್ಗೆ 2 ಪ್ಯಾಕೆಟ್, ಸಂಜೆ 1 ಎಂದು ಒತ್ತಿದರೆ ಒಟ್ಟು 21 ಎಂದಿತು! ‘ಇನ್‌ಪುಟ್’ ಕೊಟ್ಟಿದ್ದೆಲ್ಲ ಪೈಥಾನಿಗೆ ಬರೀ ಅಕ್ಷರ. ‘ಇಂಟ್’ ಹಾಕಿ ಸಂಖ್ಯೆ ಮಾಡದಿದ್ದರೆ ಕೂಡುವುದಿಲ್ಲ, ಪಕ್ಕಪಕ್ಕ ಅಂಟಿಸುತ್ತದೆ. (ನಮ್ಮ ಕೆಲವು ಅಂಗಡಿಯವರ ಹಾಗೆ.)

ಅದು ಸರಿಹೋಯಿತು. ತುಪ್ಪದ ಸರದಿ: 0.1 ಕೆ.ಜಿ.ಗೆ 0.2 ಕೂಡಿಸಿದರೆ 0.30000000000000004. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ, ಒಂದು ಎರಡೇ, ಅವುಗಳಲ್ಲಿ 0.1 ಕರಾರುವಾಕ್ಕಾಗಿ ಕೂರುವುದಿಲ್ಲ.

“ಆ ಕೊನೇ ನಾಲ್ಕಕ್ಕೂ ನಾನೇ ದುಡ್ಡು ಕೊಡಬೇಕೇನೋ?” ಅಕ್ಕ ಗದರಿದಳು.

ಹುಡುಗ ಗ್ರಾಂ ಲೆಕ್ಕಕ್ಕಿಳಿದ, ದಶಾಂಶದ ಕಾಟವೇ ತಪ್ಪಿತು. “ಮಾವ, ಅಮ್ಮ ಇನ್ನೂ ಕ್ಯಾಲೆಂಡರಿನಲ್ಲೇ ಗೀಟು ಹಾಕ್ತಾಳೆ” ಎಂದು ಈಗ ನನ್ನ ಹತ್ತಿರ ದೂರು. ಆ ದೋಷಕ್ಕೆ ಪೈಥಾನಿನಲ್ಲಿ ಮದ್ದಿಲ್ಲ ಮಾರಾಯ!