ಗುಂಟೆಗೊಂದು ಮರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಭೂಮಿಯ ಮೇಲೆ ದುಡ್ಡು ಹಾಕುವವನಿಗೆ ಎರಡು ದಾರಿ: ತೋಟ ಕೊಳ್ಳುವುದು, ಇಲ್ಲವೇ ಸೈಟು ಕೊಳ್ಳುವುದು. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. ಅಂದರೆ 1,089 ಚದರಡಿ. ಇಂಥ 40 ಸೇರಿದರೆ ಎಕರೆ. ತೆಂಗಿನ ಸಸಿಯನ್ನು 30 ಅಡಿ ಅಂತರಕ್ಕೆ ನೆಟ್ಟರೆ ಎಕರೆಗೆ 48 ಹಿಡಿಯುತ್ತವೆ, ಮರವೊಂದಕ್ಕೆ 900 ಚದರಡಿ. ಮೂವತ್ತು–ನಲವತ್ತರ ಸೈಟಿಗೆ 1,200. ಬಡಾವಣೆಯವರು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸುವ ‘ಕನಸಿನ ಮನೆ’ ಈ ಸೀಮೆಯ ಅಜ್ಜಿಯ ಕಣ್ಣಿಗೆ ಒಂದು ಮರ, ಪಕ್ಕದಲ್ಲೊಂದು ಬದನೆ ಪಾತಿ, ಅಷ್ಟೆ.

ಹೊಸಬ ಮೊದಲು ತಿಳಿಯಬೇಕಾದದ್ದು ಜಮೀನಿನ ರೇಟಲ್ಲ, ಕೊಬ್ಬರಿ ರೇಟು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅದು 9 ಸಾವಿರಕ್ಕಿಂತ ಕೆಳಗಿಳಿದಿತ್ತು. ಅದೇ ಕೊಬ್ಬರಿ 2025ರಲ್ಲಿ 25 ಸಾವಿರ ದಾಟಿತು. ಇಳಿದಾಗ ಮಗಳ ಮದುವೆಗೆಂದೋ ಬೋರಿನ ಸಾಲಕ್ಕೆಂದೋ ‘ಎರಡೆಕರೆ ತೆಗೀಬೇಕು’ ಎಂದವರು, ಏರಿದಾಗ ‘ಯಾರು ಹೇಳಿದ್ದು ನಾವು ಮಾರ್ತೀವಿ ಅಂತ?’ ಎಂದು ಕೇಳುತ್ತಾರೆ. ಕಾಯುವುದು ಈ ಜನಕ್ಕೆ ಹೊಸದೇನಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹತ್ತು–ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರಿಂಗಿ, ತಿರುಳು ಕರಟ ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಜಮೀನನ್ನು ಹಾಗೆ ಅಲ್ಲಾಡಿಸಿ ನೋಡುವ ಉಪಾಯವಿಲ್ಲದ್ದರಿಂದ ಅದರ ಕಾಗದಪತ್ರ ಅಲ್ಲಾಡಿಸಬೇಕು.

ಕಾಗದಕ್ಕಿಂತ ಮುಂಚೆ ಬರುವವನು ಬ್ರೋಕರು. ಇವನು ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ‘ಹೇಮಾವತಿ ನಾಲೆ ಇಲ್ಲೇ ಐತೆ ಸಾರ್, ಹೈವೇ ಅಂತೂ ರಾತ್ರಿ ಹೊತ್ತು ಕಿವಿಗೇ ಕೇಳುಸ್ತದೆ’ ಎನ್ನುತ್ತಾನೆ. ರಾತ್ರಿ ಹೊತ್ತು ಏನೇನೋ ಕೇಳಿಸುತ್ತದೆ. ಮರ ಎಣಿಸುವಾಗಲೂ ಕಣ್ಣು ತೆರೆದಿರಬೇಕು: ಸಿಡಿಲು ಬಡಿದು ತಲೆ ಹೋದ ಮೋಟು ಮರ, ಕಪ್ಪುತಲೆ ಹುಳ ತಿಂದು ಗರಿಯೆಲ್ಲ ಒಣಗಿದ ಮರ, ಹೋದ ಮಳೆಗಾಲದಲ್ಲಿ ನೆಟ್ಟ ಮೊಣಕಾಲುದ್ದದ ಸಸಿ ಎಲ್ಲವೂ ಮಾರುವವನ ಲೆಕ್ಕದಲ್ಲಿ ‘ಫಲಕ್ಕೆ ಬಂದವು’.

ಆದರೆ ತೋಟದಲ್ಲಿ ಮೊದಲು ಎಣಿಸಬೇಕಾದ ಮರ ವಂಶವೃಕ್ಷ. ಪಹಣಿಯ 9ನೇ ಕಾಲಮ್ಮಿನಲ್ಲಿ ಒಬ್ಬನ ಹೆಸರಿದ್ದ ಮಾತ್ರಕ್ಕೆ ಜಮೀನು ಅವನೊಬ್ಬನದೇ ಆಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಆ ವರ್ಷ ತಂದೆ ಬದುಕಿರಲೇಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಆದ್ದರಿಂದ ಅರಸೀಕೆರೆಗೆ ಕೊಟ್ಟ ಅಕ್ಕ ಬಂದು ರುಜು ಹಾಕುವುದು ಲೇಸು. ಆಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಸೆರಗು ಹೊದ್ದು ಕೂತು, ‘ಮೂರು ವರ್ಷದಿಂದ ಗೌರಿ ಹಬ್ಬಕ್ಕೆ ಒಂದು ಕುಪ್ಪಸದ ಬಟ್ಟೆ ಕಳಿಸ್ಲಿಲ್ಲ, ಈಗ ಅಕ್ಕ ನೆನಪಾದ್ಲೇನಪ್ಪ?’ ಎಂದರೆ ಪತ್ರಬರಹಗಾರನೂ ಪೆನ್ನು ಕೆಳಗಿಡುತ್ತಾನೆ. ಜಮೀನಿನ ಬೆಲೆ ಅಲ್ಲೇ ಒಂದು ರೇಷ್ಮೆ ಸೀರೆಯಷ್ಟು ಏರುತ್ತದೆ. ಅದು ನ್ಯಾಯವಾದ ಏರಿಕೆ.

11ನೇ ಕಾಲಮ್ಮಿನಲ್ಲಿ ಸಾಲ, ಋಣ ಇರುತ್ತವೆ. ಸೊಸೈಟಿ ಸಾಲ ತೀರಿದ್ದರೂ ಹೆಸರು ಅಲ್ಲೇ ಉಳಿದಿರುವುದುಂಟು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅಡ್ಡ ನಿಲ್ಲುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡದ್ದು ಎಷ್ಟು ವರ್ಷವಾದರೂ ಹಿಂದಕ್ಕೆ ಹೋಗಬಹುದು, 2023ರ ತಿದ್ದುಪಡಿ ಕಾಲಮಿತಿಯನ್ನೇ ತೆಗೆದಿದೆ. ಒಂದು ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಇಲ್ಲದಿದ್ದರೆ ಹೊಸಬ ಕೊಂಡದ್ದು ‘ಹುಣಸೆ ಮರದಿಂದ ಆಚೆಗೆ’ ಎಂಬ ಬಾಯಿಮಾತು. ಹುಣಸೆ ಮರವನ್ನು ಮುಂದಿನ ವರ್ಷ ಸೌದೆಗೆ ಕಡಿಯುತ್ತಾರೆ.

ಬೇಸಾಯಗಾರನಲ್ಲದವನು ಬೇಸಾಯದ ಭೂಮಿ ಕೊಳ್ಳುವಂತಿಲ್ಲ ಎಂಬ 79ಎ, 79ಬಿ ಕಲಮುಗಳು 1974ರಿಂದ ಭೂಸುಧಾರಣಾ ಕಾಯ್ದೆಯಲ್ಲಿದ್ದವು. ಆಗ ಬೆಂಗಳೂರಿನ ನೌಕರರು ತಾತನ ಪಹಣಿ ಹುಡುಕುತ್ತ ಊರಿಗೆ ಬರುತ್ತಿದ್ದರು. 2020ರಲ್ಲಿ ಕಲಮುಗಳು ಹೋದವು, ತಾತನನ್ನು ವಿಚಾರಿಸುವವರೂ ಹೋದರು.

ಸೈಟಿನ ದಾರಿ ನೋಡುವುದಕ್ಕೆ ಸಲೀಸು. ಬೇಸಾಯದ ಭೂಮಿಯನ್ನು ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಮಾಡಿಸಿ, ನಕ್ಷೆಗೆ ಮಂಜೂರಾತಿ ಪಡೆದು, ರಸ್ತೆ, ಚರಂಡಿ, ಪಾರ್ಕು ಬಿಟ್ಟು ಮಾರುವುದು ಕ್ರಮ. ಬಡಾವಣೆ 500 ಚದರ ಮೀಟರಿಗಿಂತ ದೊಡ್ಡದಾದರೆ ರೇರಾ ನೋಂದಣಿಯನ್ನೂ ಕೇಳಬೇಕು. ಇದ್ಯಾವುದೂ ಇಲ್ಲದೆ ಸುಣ್ಣದ ಗೆರೆ ಎಳೆದು, ನಾಲ್ಕು ಬಾವುಟ ನೆಟ್ಟು ಮಾರುವುದನ್ನು ರೆವಿನ್ಯೂ ಸೈಟು ಎನ್ನುತ್ತಾರೆ. ಅಗ್ಗಕ್ಕೆ ಸಿಗುತ್ತದೆ, ಆದರೆ ಬ್ಯಾಂಕು ಸಾಲ ಕೊಡುವುದಿಲ್ಲ. ತೋಟದ ಮರ ಕಾಯಿಯನ್ನಾದರೂ ಕೊಡುತ್ತದೆ. ಖಾಲಿ ಸೈಟು ಪಾರ್ಥೇನಿಯಂ ಬೆಳೆಯುತ್ತದೆ, ಅದನ್ನು ಕೀಳಿಸಲು ಆಳಿನ ಕೂಲಿ ಬೇರೆ. ಹೀಗಿದ್ದೂ ಸೈಟಿನವರೇ ಹೆಚ್ಚು, ಏಕೆಂದರೆ ಸೈಟಿಗೆ ಕಾಯಿ ಕೀಳುವವರನ್ನು ಹುಡುಕಬೇಕಾಗಿಲ್ಲ.

ಲೆಕ್ಕ ಹಾಕುವಾಗ ಹೊಸಬ ಮರೆಯುವುದು ನೋಂದಣಿ ಖರ್ಚು. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2. ಬ್ರೋಕರನ ಪರ್ಸೆಂಟು ಎರಡೂ ಕಡೆಯಿಂದ. ಬಾಡೂಟ ಯಾವ ಶುಲ್ಕಪಟ್ಟಿಯಲ್ಲೂ ಇಲ್ಲ, ತಪ್ಪಿಸಿಕೊಂಡವರೂ ಇಲ್ಲ.

ಪತ್ರವಾದ ಮೇಲೆ ಖಾತೆ ಬದಲಾಗಬೇಕು, ಆಮೇಲೆ ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಸರ್ವೆಯವರು ಬಂದು ಅಳೆದಾಗ ಬಾಂದುಕಲ್ಲು ಬಹಳ ಸಲ ಪಕ್ಕದವರ ತೆಂಗಿನ ಬುಡದಲ್ಲಿ, ಬೇರಿನ ನಡುವೆ ಸಿಗುತ್ತದೆ. ‘ಕಲ್ಲು ಇದ್ದಲ್ಲೇ ಐತೆ ಕಣಣ್ಣ, ಮರವೇ ಈ ಕಡೆ ಬೆಳ್ಕೊಂಡು ಬಂತು’ ಎಂಬುದು ಪಕ್ಕದವರ ಉತ್ತರ. ಬೇಲಿ ಹಾಕಿದರೂ ಮರ ವಾಲಿರುವುದು ಹೊಸಬನ ಕಡೆಗೇ. ರಾತ್ರಿ ದೊಪ್ಪನೆ ಬಿದ್ದ ಕಾಯಿ ಯಾರದೆಂದು ಪಹಣಿಯ ಯಾವ ಕಾಲಮ್ಮಿನಲ್ಲೂ ಬರೆದಿಲ್ಲ. ಬೆಳಿಗ್ಗೆ ಪಕ್ಕದವರು ಮೊದಲು ಎದ್ದಿರುತ್ತಾರೆ.