ಪಿಕಪ್ ಗಾಡಿಯ ಗ್ರಂಥಸಂಪಾದನೆ: ತುಕ್ಕು, ಪಾಠಾಂತರ ಮತ್ತು ಸೋದರಮಾವ

ಹಳೆಯ ಪಿಕಪ್ ಗಾಡಿಯನ್ನು ಗ್ಯಾರೇಜಿನವರು ಗುಜರಿ ಎನ್ನುತ್ತಾರೆ, ಮನೆಯ ಹೆಂಗಸರು ಪೀಡೆ ಎನ್ನುತ್ತಾರೆ, ಸಾರಿಗೆ ಇಲಾಖೆ ಸರಕು ವಾಹನ ಎನ್ನುತ್ತದೆ. ಈ ಎಲ್ಲ ಮತಗಳನ್ನೂ ಖಂಡಿಸಿ, ಅದು ಹಸ್ತಪ್ರತಿ ಎಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಹಸ್ತಪ್ರತಿಯ ಲಕ್ಷಣಗಳು ಅದಕ್ಕೆ ಪೂರ್ತಿಯಾಗಿವೆ. ಮೊದಲ ಗರಿ ಕಳೆದಿರುತ್ತದೆ, ನಡುವೆ ತೂತು ಬಿದ್ದಿರುತ್ತದೆ, ಕೈಗೆ ಸಿಕ್ಕ ಲಿಪಿಕಾರರೆಲ್ಲ ತಮಗೆ ತೋಚಿದ್ದನ್ನು ಸೇರಿಸಿರುತ್ತಾರೆ, ಮಾಲೀಕ ತಾನೂ ಓದುವುದಿಲ್ಲ, ಪರರಿಗೂ ಕೊಡುವುದಿಲ್ಲ.

ನಮಗೆ ದೊರೆತ ಏಕೈಕ ಪ್ರತಿ ವಿಲ್ಲೀಸ್ ಜೀಪ್ ಪಿಕಪ್. ವಾಸ್ಕೋ ಬಳಿಯ ಜುವಾರಿನಗರದಲ್ಲಿ, ಧಾರವಾಡದ ಕಡೆಯಿಂದ ಬಂದು ನೆಲೆನಿಂತ ನಮ್ಮ ಮನೆತನದ ಅಂಗಳದಲ್ಲಿ, ತಾಡಪಾಲು ಹೊದ್ದು ನಿಂತಿದೆ. 1947ರಿಂದ 1965ರವರೆಗೆ ಅಮೆರಿಕದಲ್ಲಿ ತಯಾರಾದ ಈ ಜಾತಿ ಗೋವೆಯಲ್ಲಿ ಹೇಗೆ ಉಳಿಯಿತೆಂಬುದಕ್ಕೆ ಇತಿಹಾಸ ಸಾಕ್ಷಿ ಹೇಳುತ್ತದೆ. 1950ರ ದಶಕದಲ್ಲಿ ಭಾರತ ಪೋರ್ಚುಗೀಸ್ ಗೋವೆಗೆ ಆರ್ಥಿಕ ದಿಗ್ಬಂಧನ ಹಾಕಿತ್ತು. ಗೋವೆಯ ಗಣಿಧಣಿಗಳು ಜಪಾನಿಗೆ ಕಬ್ಬಿಣದ ಅದಿರು ಕಳಿಸಿ ರೊಕ್ಕ ಎಣಿಸುತ್ತಿದ್ದರು. ಘಟ್ಟದ ಮೇಲಿನ ಹುಬ್ಬಳ್ಳಿಯಲ್ಲಿ ಪರದೇಶಿ ಗಾಡಿಯ ಆಮದು ದುರ್ಲಭವಾಗಿದ್ದ ಕಾಲದಲ್ಲೇ ಮುರಗಾಂವ್ ಬಂದರಿನಲ್ಲಿ ಅವು ಹಡಗಿನಿಂದ ಇಳಿಯುತ್ತಿದ್ದವು. 1961ರ ಡಿಸೆಂಬರ್ 19ರಂದು ಪೋರ್ಚುಗೀಸರು ಹೋದರು, ಗಾಡಿಗಳು ಉಳಿದವು.

ಆಂತರಿಕ ಪ್ರಮಾಣವೂ ಇದೆ. ನಮ್ಮ ಪ್ರತಿಯಲ್ಲಿ ಸ್ಟೀರಿಂಗ್ ಎಡಗಡೆಗಿದೆ. 1928ರಲ್ಲಿ ಪೋರ್ಚುಗಲ್ ರಸ್ತೆಯ ಬಲಬದಿಗೆ ಹೊರಳಿದರೂ ಗೋವೆ ನೆರೆಹೊರೆ ನೋಡಿಕೊಂಡು ಎಡಬದಿಯಲ್ಲೇ ಉಳಿದ ಊರು. ಇಲ್ಲಿ ಎಡ ಸ್ಟೀರಿಂಗಿನಿಂದ ಯಾರಿಗೂ ನಯಾಪೈಸೆಯ ಉಪಯೋಗವಿಲ್ಲ. ಕ್ಲಿಷ್ಟಪಾಠವೇ ಮೂಲಪಾಠ ಎಂಬ ಸೂತ್ರದಂತೆ, ಇಷ್ಟು ಅನನುಕೂಲವಾದದ್ದನ್ನು ಯಾವ ಲಿಪಿಕಾರನೂ ಬೇಕೆಂದು ಸೇರಿಸಲಾರ. ಮುಂದಿನ ಲಾರಿಯನ್ನು ದಾಟಬೇಕಾದರೆ ಬಲಗಡೆ ಕೂತ ಅವ್ವ ಕಿಟಕಿಯಿಂದ ಕತ್ತು ಹಾಕಿ, "ಹೋಗೋ, ಹೋಗೋ... ಏ ಬ್ಯಾಡೋ!" ಎಂದು ವ್ಯಾಖ್ಯಾನ ನೀಡುತ್ತಾಳೆ. ವ್ಯಾಖ್ಯಾನವಿಲ್ಲದೆ ಈ ಗ್ರಂಥ ಮುಂದಕ್ಕೆ ಹೋಗುವುದಿಲ್ಲ.

ಶಾಸನಭಾಗವಿರುವುದು ಹಿಂದಿನ ಡಾಲಾದ ಮೇಲೆ. ನೀರು ಹಾಕಿ ಪಾಲಿಶ್ ಪೇಪರಿನಿಂದ ಉಜ್ಜುತ್ತ ಹೋದಂತೆ ನೀಲಿಯ ಕೆಳಗೆ ಹಳದಿ, ಹಳದಿಯ ಕೆಳಗೆ ಬೆರಳುದಪ್ಪ ಪುಟ್ಟಿ, ಅದರಡಿ ಪಾಚಿ ಹಸಿರು ಕಂಡವು. ಹಸಿರಿನ ಮೇಲೆ ರೋಮನ್ ಲಿಪಿಯ ಎಂ, ಎ, ಆರ್ ಎಂಬ ಮೂರು ಅಕ್ಷರ. ಮುಂದಿನದೆಲ್ಲ ತ್ರುಟಿತ. ಟಿಂಕರಿಂಗ್ ಮಾಡುವ ಕ್ಯಾಥೊಲಿಕ್ ಅಜ್ಜನ ಪ್ರಕಾರ ಅದು ಮರಿಯಾ. ನಮ್ಮ ಕಾಕಾನ ಪ್ರಕಾರ ಮಾರುತಿ. ಮಡಗಾಂವಿನ ಹಳೇ ಕಾಗುಣಿತವೆಂಬುದು ಸೋದರಮಾವನ ವಾದ. ಅವನು ಯಾವತ್ತೂ ಊರಿನ ಪಕ್ಷ, ದೇವರ ಪಕ್ಷವಲ್ಲ. ಒಮ್ಮತ ಬಾರದ ಕಾರಣ ಆ ಅಂಗೈಯಗಲ ಜಾಗವನ್ನು ಬಣ್ಣ ಹಚ್ಚದೆ ಬಿಡಲಾಗಿದೆ. ಅಲ್ಲೀಗ ತುಕ್ಕು ತನ್ನ ಪಾಠವನ್ನು ಬರೆಯುತ್ತಿದೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಮೇಲೆ ಕಡಲಿನ ಉಪ್ಪುಗಾಳಿ: ಗೋವೆಯಷ್ಟು ಶ್ರದ್ಧಾವಂತ ಲಿಪಿಕಾರ ಬೇರೆಲ್ಲೂ ಸಿಗುವುದಿಲ್ಲ.

ಇನ್ನು ಕರ್ತೃ ವಿಚಾರ. ಈ ಪಿಕಪ್ಪಿನ ಮೋರೆ ವಿಲ್ಲೀಸ್ ಸ್ಟೇಷನ್ ವ್ಯಾಗನ್ನಿನದೇ. ಆ ವ್ಯಾಗನ್ನಿನ ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್. ಮಹಾಯುದ್ಧ ಮುಗಿದಾಗ ಕಾರಿನ ಬಾಡಿ ಒತ್ತುವ ಕಾರ್ಖಾನೆಗಳು ವಿಲ್ಲೀಸ್‌ಗೆ ದಕ್ಕಲಿಲ್ಲ. ಗೃಹೋಪಯೋಗಿ ಯಂತ್ರಗಳ ತಗಡು ಒತ್ತುವವರೇ ಗತಿಯಾದರು. ಆರು ಇಂಚಿಗಿಂತ ಆಳವಾಗಿ ತಗಡನ್ನು ಬಾಗಿಸುವುದು ಅವರ ಕೈಲಾಗದು. ಹಾಗಾಗಿ ಗಾಡಿಗೆ ಬಳುಕಿಲ್ಲ, ಕೆನ್ನೆಯಿಲ್ಲ, ಎಲ್ಲ ಚಪ್ಪಟೆ. ಪಂಡಿತರು ಇದನ್ನು ಸರಳ ಸೌಂದರ್ಯವೆಂದು ಹೊಗಳಿದ್ದಾರೆ. ನಮ್ಮ ಟಿಂಕರಿಂಗ್ ಅಜ್ಜ ಮಡ್‌ಗಾರ್ಡಿಗೆ ಸುತ್ತಿಗೆ ಇಟ್ಟು, ಒಳಗಿನಿಂದ ಕಬ್ಬಿಣದ ಗುಂಡು ಕೊಟ್ಟು, ನಾಲ್ಕು ಏಟಿಗೆ ಸರಿಮಾಡಿ ಬೀಡಿ ಹಚ್ಚಿದ. ವಿಮರ್ಶೆ ಎಂದರೆ ಅದು.

ಆದರೆ ಈ ಗ್ರಂಥದ ಛಂದಸ್ಸು ಇಂಚಿನದು, ನಮ್ಮ ಪಾನಾಗಳು ಮಿಲಿಮೀಟರಿನವು. ಅರ್ಧ ಇಂಚಿನ ಬೋಲ್ಟಿಗೆ 13ರ ಪಾನಾ ಹೊಂದುತ್ತದೆ. ಒಂಬತ್ತು ಹದಿನಾರಾಂಶ ಇಂಚು ಎಂದರೆ 14.29 ಮಿ.ಮೀ. ಅದಕ್ಕೆ 14 ಹಿಡಿಸುವುದಿಲ್ಲ, 15 ಜಾರಿ ಬೋಲ್ಟಿನ ಮೂಲೆಗಳನ್ನು ಸವೆಸುತ್ತದೆ. ಮಾವನ ಬೆರಳಿನ ಗಂಟುಗಳ ಮೇಲಿನ ಗಾಯಗಳನ್ನು ಇಲ್ಲಿ ಉಪಲಬ್ಧ ದಾಖಲೆಗಳೆಂದು ಪರಿಗಣಿಸಲಾಗಿದೆ. ಎಂಜಿನ್ನಿನಲ್ಲಿ ಕಿಡಿ ಹತ್ತುವ ಕ್ರಮವೂ ಒಂದು, ಮೂರು, ನಾಲ್ಕು, ಎರಡು. ಎರಡನೆಯದು ಕಟ್ಟಕಡೆಗೆ ಹೊತ್ತಿಕೊಳ್ಳುತ್ತದೆಂಬುದನ್ನು ಒಪ್ಪಲು ಮನೆಯ ಎರಡನೆಯ ಮಗನಾದ ಕಾಕಾ ಸಿದ್ಧನಿರಲಿಲ್ಲ. ಪ್ಲಗ್ಗಿನ ವೈರುಗಳನ್ನು ಹುಟ್ಟಿದ ಕ್ರಮದಲ್ಲಿ ಸಿಕ್ಕಿಸಿದ. ಕಾರ್ಬೋರೇಟರಿನಿಂದ ಢಂ ಎಂದು ಬಂದ ಸದ್ದಿಗೆ ಪಕ್ಕದ ಚಾಳಿನವರು ಫೆಸ್ತ್ ಶುರುವಾಯಿತೆಂದುಕೊಂಡರು.

ಈಗ ಧರ್ಮಶಾಸ್ತ್ರ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಿದರೆ 'ವಿಎ' ಎಂಬ ಅಕ್ಷರಗಳ ನಂಬರು, ಹತ್ತು ವರ್ಷದ ಮಾನ್ಯತೆ. ಓಡಿಸುವುದು ಮಾತ್ರ ಪ್ರದರ್ಶನಕ್ಕೆ, ರ್‍ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಮತ್ತೆ ಪೆಟ್ರೋಲ್ ಹಾಕಿಸಲು, ರಿಪೇರಿಗೆ. ನಮ್ಮ ಗಾಡಿ ಯಾವತ್ತೂ ಹೋಗುವುದು ಈ ಕೊನೆಯ ಎರಡಕ್ಕೇ, ಆದ್ದರಿಂದ ಅರ್ಹತೆ ನಿರ್ವಿವಾದ ಎಂದುಕೊಂಡೆವು. ಆಮೇಲೆ ಸಣ್ಣಕ್ಷರ ಓದಿದೆವು. ನಾಲ್ಕು ಚಕ್ರದವುಗಳಲ್ಲಿ ಈ ಭಾಗ್ಯ ಎಂ1 ವರ್ಗಕ್ಕೆ, ಎಂದರೆ ಮಂದಿ ಕೂರುವ ಗಾಡಿಗೆ. ಮೂಟೆ ಹೊರುವ ಪಿಕಪ್ ಎನ್1. ಅದಕ್ಕೆ ಎಷ್ಟೇ ವಯಸ್ಸಾದರೂ ವೃದ್ಧಾಪ್ಯ ಬರುವುದಿಲ್ಲ. ಮಂದಿ ಕೂತರೆ ಮುಪ್ಪಿಗೆ ಗೌರವ, ಅಕ್ಕಿಚೀಲ ಕೂತರೆ ಇಲ್ಲ!

"ಹಂಗಾದ್ರ ಹಿಂದ ಸೀಟ್ ಹಾಕ್ಸೂಣು, ಸವದತ್ತಿ ಜಾತ್ರಿಗಿ ಎಲ್ಲಾರೂ ಹೋಗಬಹುದು" ಎಂದಳು ಅವ್ವ. ಪೂರ್ವಪಕ್ಷ ಸಮರ್ಥವಾಗಿಯೇ ಇತ್ತು. ಆದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಅಡ್ಡ ಬಂತು: ತಯಾರಕರು ಕೊಟ್ಟ ವಿವರಕ್ಕೆ ಹೊರತಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಸೀಟು ಹಾಕಿದರೆ ಮೂಲರೂಪ ಹೋಯಿತು, ಹಾಕದಿದ್ದರೆ ವರ್ಗ ಬರಲಿಲ್ಲ. ಅಳಿಯ ಕೇಳಿದ ಅಗಲದ ಅಲಾಯ್ ಚಕ್ರ, ಕಣ್ಣು ಕುಕ್ಕುವ ಎಲ್‌ಇಡಿ, ಕಾಕಾನ ಐದು ಸ್ವರದ ಹಾರ್ನು ಇವೆಲ್ಲ ಪ್ರಕ್ಷಿಪ್ತವೆಂದು ತಿರಸ್ಕೃತವಾದವು. ಬಣ್ಣ ಬದಲಿಸಲು ಮಾತ್ರ ಕೋರ್ಟಿನ ತಕರಾರಿಲ್ಲ, ಆರ್‌ಸಿಯಲ್ಲಿ ತಿದ್ದಿಸಿಕೊಂಡರಾಯಿತು.

ಎಂದಮೇಲೆ ಮನೆಮಂದಿಗೆಲ್ಲ ಉಳಿದ ಸ್ವಾತಂತ್ರ್ಯ ಬಣ್ಣವೊಂದೇ. ಪಾಚಿ ಹಸಿರೇ ಮೂಲಪಾಠವೆಂದು ಮಾವ ಹಟ ಹಿಡಿದಿದ್ದಾನೆ. ಹಸಿರಿನ ಕೆಳಗೆ ಇನ್ನೊಂದು ಕೆಂಪು ಇಣುಕಿದ್ದನ್ನು ಕಾಕಾ ಉಗುರಿನಿಂದ ಕೆರೆದು ತೋರಿಸಿದ್ದಾನೆ. ಅದು ರೆಡ್ ಆಕ್ಸೈಡ್ ಪ್ರೈಮರ್ ಎಂದು ಟಿಂಕರಿಂಗ್ ಅಜ್ಜ ಹೇಳಿದರೂ ಅವನ ಮಾತಿಗೆ ಪೀಠದಲ್ಲಿ ಮಾನ್ಯತೆ ದೊರೆತಿಲ್ಲ. ಕುಟುಂಬದ ಹಿರಿಯ ಸಂಪಾದಕಿಯಾದ ದೊಡ್ಡತ್ತೆ ಲೋಂಡಾ ಮಾರ್ಗವಾಗಿ ರೈಲಿನಲ್ಲಿ ಬರುತ್ತಿದ್ದಾಳೆ. ಇಳಕಲ್ ಸೀರೆಯ ಸೆರಗಿನ ಬಣ್ಣ ಹೊಡೆಸಿರೆಂದು ಫೋನಿನಲ್ಲೇ ಅಪ್ಪಣೆಯಾಗಿದೆ, ಪೇಂಟರಿಗೆ ಮುಂಗಡವೂ ಹೋಗಿದೆ.