ನಕಲಿ ನಾಣ್ಯದ ನಯವಿನಯ

ಕೃಷ್ಣದೇವರಾಯನಿಗೆ ಗಿರಾಕಿಯನ್ನು ಮೆಚ್ಚಿಸುವ ಕಲೆ ಗೊತ್ತಿರಲಿಲ್ಲ. ಹಂಪಿಯಂಥ ರಾಜಧಾನಿ ಇಟ್ಟುಕೊಂಡು ಅವನು ಹೊರಡಿಸಿದ ಚಿನ್ನದ ವರಾಹ ಅಂಗಿಯ ಗುಂಡಿಯಷ್ಟಿದೆ. ತೂಕ ಸುಮಾರು 3.4 ಗ್ರಾಂ. ಒಂದು ಕಡೆ ಬಾಲಕೃಷ್ಣ, ಇನ್ನೊಂದು ಕಡೆ ನಾಗರಿಯಲ್ಲಿ ರಾಯನ ಹೆಸರು. ಆ ಹೆಸರೂ ಎಷ್ಟೋ ನಾಣ್ಯಗಳಲ್ಲಿ ಪೂರ್ತಿ ಕೂತಿಲ್ಲ, ಒಂದೆರಡು ಅಕ್ಷರ ಬಿಲ್ಲೆಯ ಆಚೆಗೆ ಜಾರಿಹೋಗಿವೆ. ಇಸವಿಯಂತೂ ಇಲ್ಲವೇ ಇಲ್ಲ. ಇಂಥ ಸರಕನ್ನು ಯಾರಾದರೂ ಮೆಚ್ಚಿ ಕೊಂಡಾರೆಯೇ? ರಾಯನ ಈ ಕೊರತೆಗಳನ್ನು ತುಂಬಿಕೊಡಲು ಐನೂರು ವರ್ಷಗಳ ನಂತರ ನಕಲಿಯವರೇ ಹುಟ್ಟಿಬರಬೇಕಾಯಿತು. ಅವರ ವರಾಹ ಅಂಗೈ ತುಂಬುತ್ತದೆ, ದೇವರು ನಗುತ್ತಾನೆ, ಅಕ್ಷರ ಒಂದೂ ಜಾರುವುದಿಲ್ಲ. ಇಸವಿ ಬೇಕೆಂದರೆ ಅದನ್ನೂ ಹಾಕಿಕೊಡುತ್ತಾರೆ.

ಈ ಉಪಚಾರದ ಶಿಖರ ನೋಡಬೇಕಾದರೆ ಜಾತ್ರೆ, ಸಂತೆಗಳಲ್ಲಿ ಸಿಗುವ 1818ರ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯ ನೋಡಿ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಕಡೆ ಕಂಪನಿಯ ಹೆಸರು. ಕಂಪನಿ ಅಂಥದ್ದನ್ನು ಯಾವತ್ತೂ ಟಂಕಿಸಿರಲಿಲ್ಲ. ತನ್ನ ಆಳ್ವಿಕೆಯ ಸೀಮೆಗೆಲ್ಲ ಒಂದೇ ಮಾದರಿಯ ನಾಣ್ಯ ತಂದದ್ದೇ 1835ರಲ್ಲಿ. ತಮಾಷೆಯೆಂದರೆ ಮದ್ರಾಸಿನಲ್ಲಿ ಕಂಪನಿ ವಿಷ್ಣುವಿನ ಚಿತ್ರವಿದ್ದ ಪಗೋಡ ಎಂಬ ನಾಣ್ಯಗಳನ್ನು ನಿಜವಾಗಿಯೂ ಹೊಡೆಸಿತ್ತು, ಇಲ್ಲಿನ ವ್ಯಾಪಾರಿಗಳು ಅವನ್ನು ನಂಬುತ್ತಾರೆಂಬ ಒಂದೇ ಲೆಕ್ಕದಿಂದ. ಆ ಅಸಲಿಯನ್ನು ಕೇಳುವವರಿಲ್ಲ, ಅದು ಚಿಕ್ಕದು, ಮಂಕು. ಇಲ್ಲದ ನಾಣ್ಯಕ್ಕೆ ಮಾತ್ರ ಲಕ್ಷಗಳ ಮಾತು. ಅಕ್ಕಿಕಾಳನ್ನು ಎಳೆದುಕೊಳ್ಳುವ ಶಕ್ತಿ ಅದಕ್ಕಿದೆಯೆಂದು ‘ರೈಸ್ ಪುಲ್ಲಿಂಗ್’ ಪಂಡಿತರು ಬೇರೆ ಸಾರುತ್ತಾರೆ. ಅಕ್ಕಿ ಎಳೆದದ್ದನ್ನು ವಿಜ್ಞಾನ ಕಂಡಿಲ್ಲ. ದುಡ್ಡು ಎಳೆದದ್ದನ್ನು ಪೊಲೀಸ್ ಠಾಣೆಗಳು ಕಂಡಿವೆ.

ನಮ್ಮ ಮಧ್ಯ ಕರ್ನಾಟಕದ ಕಡೆಯಿಂದ ಬರುವ ಫೋನ್ ಕರೆಯದ್ದು ಇನ್ನೂ ಹೆಚ್ಚಿನ ವಿನಯ. “ಅಣ್ಣಾರೆ, ಮನೆ ಪಾಯ ತೆಗೀವಾಗ ಚಿನ್ನದ ನಾಣ್ಯದ ಗಡಿಗೆ ಸಿಕ್ಕೈತಿ. ನಾವು ಓದಿದೋರಲ್ಲ, ನೀವೇ ಒಂದು ದಾರಿ ತೋರಿಸ್ರಿ.” ಮೊದಲು ಒಂದೆರಡು ನಾಣ್ಯ ಕೈಗಿಡುತ್ತಾರೆ. ಅವು ಅಪ್ಪಟ ಚಿನ್ನ. ಅಕ್ಕಸಾಲಿಗ ಒರೆಗಲ್ಲಿಗೆ ತಿಕ್ಕಿ ತಲೆದೂಗುತ್ತಾನೆ. ಆಮೇಲೆ ಕಿಲೋಗಟ್ಟಲೆ ಬರುವುದು ಹಿತ್ತಾಳೆ. ನೆಲದಲ್ಲಿ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿ ದಾಟಿದರೆ ಸರ್ಕಾರಕ್ಕೆ ತಿಳಿಸಬೇಕೆಂದು ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದ್ದರು. ಅದನ್ನು ಗಿರಾಕಿಗೆ ನೆನಪಿಸಿದರೆ ಅವನಿಗೇ ಕೋಪ. ಕದ್ದ ಮಾಲು ಅಗ್ಗಕ್ಕೆ ಸಿಗುತ್ತದೆಂದು ಹೊರಟವನು ಕೊನೆಗೆ ದೂರು ಕೊಡಲು ಕೂಡ ನಾಚುತ್ತಾನೆ. ಆ ನಾಚಿಕೆಯೇ ಈ ಉದ್ಯಮದ ಬಂಡವಾಳ.

“ಇದೆಲ್ಲ ಹಳ್ಳಿಗರ ಪಾಡು, ನಾವು ಬಲ್ಲವರು” ಎನ್ನುವ ಸಂಗ್ರಾಹಕರಿಗೆ ಬೇರೆ ದರ್ಜೆಯ ಸೇವೆ ಇದೆ. ಅಸಲಿ ನಾಣ್ಯದ ಪಡಿಯಚ್ಚು ತೆಗೆದು ಎರಕ ಹೊಯ್ಯುವುದು ಹಳೆಯ ದಾರಿ. ಟಂಕಸಾಲೆಯಲ್ಲಿ ಸುತ್ತಿಗೆಯ ಏಟಿಗೆ ಲೋಹ ಅಂಚಿನ ಕಡೆ ಹರಿದು ಹೊಳಪು ಪಡೆದಿರುತ್ತದೆ. ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಸಣ್ಣ ತೂತುಗಳು ಉಳಿಯುತ್ತವೆ, ಮೂಗು-ಬೆರಳುಗಳ ಗೆರೆ ಮೊಂಡಾಗುತ್ತದೆ, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆಯನ್ನು ಅರದಿಂದ ಉಜ್ಜಿದ ಗುರುತಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಇನ್ನೂ ಸುಲಭದ್ದು ಅವಳಿ ಪತ್ತೆ. ಒಂದೇ ಅಚ್ಚಿನಿಂದ ನೂರು ನಾಣ್ಯ ಬರಬಹುದು, ಆದರೆ ಸುತ್ತಿಗೆ ಎರಡು ಸಲ ಒಂದೇ ಕಡೆ ಬೀಳುವುದಿಲ್ಲ. ಅದೇ ಬಿರುಕು, ಅದೇ ಗೀರು, ಅದೇ ಕಡೆ ಜಾರಿದ ಅಕ್ಷರ ಎರಡರಲ್ಲೂ ಇದ್ದರೆ ಕನಿಷ್ಠ ಒಂದಾದರೂ ಮೊನ್ನೆ ಮೊನ್ನೆ ಹುಟ್ಟಿದ್ದು. ತಾಮ್ರದ ಮೇಲಿನ ಹಸಿರು ಕಿಲುಬು ಉಗುರುಬಣ್ಣ ತೆಗೆಯುವ ದ್ರವಕ್ಕೇ ಬಿಟ್ಟುಬಂದರೆ ಅದು ಶತಮಾನಗಳದ್ದಲ್ಲ, ಹಚ್ಚಿದ್ದು.

ಇನ್ನು ನೀರು. ನಾಣ್ಯವನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲಿ ತೂಗುಹಾಕಿ ಇನ್ನೊಮ್ಮೆ ತೂಗಿದರೆ ಲೋಹದ ಸಾಂದ್ರತೆ ಸಿಗುತ್ತದೆ. ಅಪ್ಪಟ ಚಿನ್ನ 19.3ರಲ್ಲಿ, ಬೆಳ್ಳಿ 10.5ರಲ್ಲಿ ನಿಲ್ಲುತ್ತದೆ, ಹಿತ್ತಾಳೆ ಎಂಟೂವರೆಯ ಆಸುಪಾಸಿನಲ್ಲೇ ಬೆತ್ತಲಾಗುತ್ತದೆ. “ದೇವರ ಕಾಯಿನ್ ಸಾರ್, ನೀರಿಗೆ ಹಾಕಬಾರದು” ಎಂದು ಮಾರುವವನು ತಡೆದರೆ, ಆ ದೇವರಿಗೆ ದಿನಾ ಅಭಿಷೇಕ ನಡೆಯುವುದನ್ನು ಅವನಿಗೆ ನೆನಪಿಸಿ.

ಈ ಪರೀಕ್ಷೆಗಳನ್ನೆಲ್ಲ ದಾಟುವ ಮಹಾನುಭಾವರೂ ಇದ್ದರು. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಎರಕಕ್ಕೆ ಕೈ ಹಾಕಲಿಲ್ಲ. ಉಕ್ಕಿನ ಅಚ್ಚು ತಾನೇ ಕೊರೆದು, ಸರಿಯಾದ ಲೋಹವನ್ನೇ ಬಳಸಿ ಗ್ರೀಕ್, ರೋಮನ್ ನಾಣ್ಯ ಹೊಡೆದ. ಅವಕ್ಕೆ ಮುಪ್ಪು ತರಲು ಕಬ್ಬಿಣದ ಪುಡಿಯ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಸಾರೋಟಿಗೆ ಕಟ್ಟಿ ಊರು ಸುತ್ತಿಸುತ್ತಿದ್ದ. ಗಿರಾಕಿಯ ಸಂಗ್ರಹದಲ್ಲಿ ಯಾವ ಅಪರೂಪದ್ದು ಇಲ್ಲವೋ ಅದೇ ಅವನ ಬಳಿ ಇರುತ್ತಿತ್ತು. ಇಂಥ ಸೌಜನ್ಯವನ್ನು ಯಾವ ಚಕ್ರವರ್ತಿ ತೋರಿದ್ದಾನೆ?

ಈಗ ಕಾಲ ಇನ್ನೂ ಮುಂದುವರಿದಿದೆ. ನಾಣ್ಯ ಅಸಲಿಯಾದರೂ ಕಾಗದ ನಕಲಿಯಾಗಬಹುದು. ಸೀಸರನ ಕೊಲೆಯ ನೆನಪಿಗೆ ಬ್ರೂಟಸ್ ಹೊಡೆಸಿದ ಚಿನ್ನದ ನಾಣ್ಯವೊಂದು 2020ರ ಲಂಡನ್ ಹರಾಜಿನಲ್ಲಿ ಮೂವತ್ತು ಲಕ್ಷ ಪೌಂಡ್ ದಾಟಿತು. ಅದರ ಪೂರ್ವಾಪರದ ಪತ್ರಗಳು ಸುಳ್ಳೆಂದು ಬಯಲಾಗಿ 2023ರಲ್ಲಿ ಅದನ್ನು ಗ್ರೀಸಿಗೆ ಮರಳಿಸಲಾಯಿತು. ನಮ್ಮಲ್ಲಂತೂ ‘ಪ್ರಮಾಣಪತ್ರ’ ಕೊಡುವವನೂ ನಾಣ್ಯ ಮಾರುವವನೂ ಎಷ್ಟೋ ಸಲ ಒಬ್ಬನೇ. ಮೊಹರು ಮಾತ್ರ ಬೇರೆ. ತನ್ನ ಹೆಸರು ಹೇಳಿಕೊಂಡು ಹಳೆ ನಾಣ್ಯಕ್ಕೆ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಬೇಕಾಯಿತು.

ನಕಲಿಯವರು ನಿರಾಶರಾಗಬೇಕಾಗಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅವುಗಳ ರುಚಿ ಹತ್ತಿದ ನಮ್ಮ ಪೂರ್ವಿಕರು ದೇಶದ ಹಲವೆಡೆ ರೋಮನ್ ನಾಣ್ಯಗಳ ಅನುಕರಣೆಗಳನ್ನೂ ಮಾಡಿದ್ದರು. ಅವು ಇಂದು ಪಂಡಿತರ ಅಧ್ಯಯನದ ವಸ್ತು. ನಿಮ್ಮ ಹಿತ್ತಾಳೆ ವರಾಹಕ್ಕೂ ಒಳ್ಳೆಯ ಭವಿಷ್ಯವಿದೆ. ಎರಡು ಸಾವಿರ ವರ್ಷ ಕಾಯುವ ತಾಳ್ಮೆ ಬೇಕು, ಅಷ್ಟೆ.

ಅಸಲಿ ನಾಣ್ಯಕ್ಕೆ ನಮ್ಮ ಮೆಚ್ಚುಗೆ ಬೇಕಾಗಿರಲಿಲ್ಲ. ಅದು ಸುಂಕ ಕಟ್ಟಲು, ಸಂಬಳ ಕೊಡಲು, ಕುದುರೆ ಕೊಳ್ಳಲು ಹುಟ್ಟಿತು. ನಮ್ಮನ್ನು ಮೆಚ್ಚಿಸಲೆಂದೇ ಹುಟ್ಟಿದ್ದು ನಕಲಿ. ನಮಗೆ ಬೇಕಾದ ದೇವರು, ಬೇಕಾದ ಇಸವಿ, ಬೇಕಾದ ಅಗ್ಗದ ಬೆಲೆ ಎಲ್ಲವೂ ಅದರಲ್ಲಿರುತ್ತದೆ. ಹಾಗಾಗಿ ನಾಣ್ಯ ತೀರಾ ಸೊಗಸಾಗಿ ಕಂಡಷ್ಟೂ ಮಾರುವವನ ಮುಖಕ್ಕಿಂತ ಮೊದಲು ನಿಮ್ಮ ಆಸೆಯನ್ನೇ ಒರೆಗೆ ಹಚ್ಚಿ. ತಕ್ಕಡಿ, ಭೂತಗನ್ನಡಿ, ಒಂದು ಲೋಟ ನೀರು, ಮೂರೂ ಅಗ್ಗ. ದುಬಾರಿ ಬೀಳುವುದು, ಆ ಮೂರೂ ಬೇಡವೆಂದ ಮೇಲೂ “ಇರಲಿ, ಕೊಡಿ” ಎನ್ನುವ ನಾಲಿಗೆ.